ನಸುಕಿನ ಮೂರು ಗಂಟೆಗೆ ವಾದ ಮಂಡಿಸುವ ತಲೆ

ವಿಚ್ಛೇದನದ ನಡುವೆ ಇರುವವರಿಂದ ಬಂದ ಪ್ರಶ್ನೆಗಳಲ್ಲಿ ಐದನ್ನು ಆರಿಸಿದ್ದೇವೆ. ಕಾನೂನಿನ ಪ್ರಶ್ನೆಗಳು ಇಲ್ಲಿಲ್ಲ. ಅವನ್ನು ನಿಮ್ಮ ವಕೀಲರಿಗೇ ಕೇಳಿ.

ಪ್ರಶ್ನೆ: ಅರ್ಜಿ ಹಾಕಿ ನಾಲ್ಕು ತಿಂಗಳಾಯಿತು. ಮಲಗಿದ ಕೂಡಲೇ ನಿದ್ದೆ ಬರುತ್ತದೆ, ಮೂರು ಗಂಟೆಗೆ ಎಚ್ಚರವಾಗುತ್ತದೆ. ಆಮೇಲೆ ಮನೆ ಯಾರಿಗೆ, ಸಾಲ ಯಾರು ಕಟ್ಟಬೇಕು, ಅವಳು ಏನಂದಳು, ನಾನು ಏನನ್ನಬೇಕಿತ್ತು ಎಂದು ಬೆಳಗಿನವರೆಗೂ ತಲೆ ಓಡುತ್ತದೆ.

ಗಾಢ ನಿದ್ದೆಯ ಬಹುಪಾಲು ರಾತ್ರಿಯ ಮೊದಲರ್ಧದಲ್ಲೇ ಮುಗಿಯುತ್ತದೆ. ನಸುಕಿಗೆ ನಿದ್ದೆ ತೆಳುವಾಗಿ, ಮೈಯನ್ನು ಎಚ್ಚರಕ್ಕೆ ಸಜ್ಜುಮಾಡುವ ಕಾರ್ಟಿಸಾಲ್ ಎಂಬ ಹಾರ್ಮೋನು ಏರತೊಡಗುತ್ತದೆ. ಇದು ಎಲ್ಲರಿಗೂ ಆಗುವುದೇ. ಮೊದಲಾದರೆ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಿದ್ದಿರಿ. ಈಗ ಹಗಲೆಲ್ಲ ತಳ್ಳಿಟ್ಟ ವಿಷಯ ಆ ಹೊತ್ತಿಗೇ ಕಾದು ಕೂತಿರುತ್ತದೆ.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಸಂಜೆಗೆ. ದಿನವೂ ಒಂದೇ ಹೊತ್ತಿಗೆ, ಮಲಗುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು, ಮೇಜಿನ ಮುಂದೆ ಕೂತು ಅರ್ಧ ಗಂಟೆ ಚಿಂತೆಗೇ ಮೀಸಲಿಡಿ. ಹಾಳೆಯನ್ನು ಎರಡು ಭಾಗ ಮಾಡಿ. ಎಡಗಡೆ ಮಾಡಬಹುದಾದದ್ದು, ಪ್ರತಿಯೊಂದರ ಪಕ್ಕ ಯಾವಾಗ, ಯಾರಿಗೆ ಫೋನ್ ಎಂಬ ವಿವರ. ‘ಬ್ಯಾಂಕ್ ಕೆಲಸ’ ಎಂದಷ್ಟೇ ಬರೆದರೆ ಸಾಲದು. ‘ಗುರುವಾರ ಹತ್ತು ಗಂಟೆಗೆ ಜಂಟಿ ಖಾತೆಯ ಸ್ಟೇಟ್‌ಮೆಂಟ್ ಕೇಳುವುದು’ ಎಂದು ಬರೆದರೆ ತಲೆ ಅದನ್ನು ಬಿಡುತ್ತದೆ. ಬಲಗಡೆ ನಿಮ್ಮ ಕೈಯಲ್ಲಿಲ್ಲದ್ದು. ಮೂರು ಗಂಟೆಗೆ ಅದೇ ವಿಷಯ ಬಂದರೆ ‘ಹಾಳೆಯಲ್ಲಿದೆ’ ಅಂದುಕೊಳ್ಳಿ. ಹೊಸದು ಹೊಳೆದರೆ ಒಂದೇ ಪದ ಗೀಚಿಡಿ.

ಸುಮಾರು 20 ನಿಮಿಷ ನಿದ್ದೆ ಬರಲಿಲ್ಲ ಎನ್ನಿಸಿದರೆ ಹಾಸಿಗೆ ಬಿಟ್ಟೇಳಿ. ಗಡಿಯಾರ ನೋಡಬೇಡಿ, ಅಂದಾಜು ಸಾಕು. ಮಂದ ಬೆಳಕಿನಲ್ಲಿ ಏನಾದರೂ ಸಪ್ಪೆಯಾದದ್ದನ್ನು ಓದಿ, ಕಣ್ಣು ಎಳೆದಾಗ ಮರಳಿ ಮಲಗಿ. ಕೇಸಿನ ಕಾಗದ, ಫೋನ್ ಮುಟ್ಟುವಂತಿಲ್ಲ. ಎಷ್ಟೇ ಕೆಟ್ಟ ರಾತ್ರಿಯಾದರೂ ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು. ಮೊದಲ ವಾರ ಇನ್ನಷ್ಟು ಸುಸ್ತಾಗುತ್ತದೆ, ಬಹಳ ಜನ ಮೂರನೇ ದಿನಕ್ಕೇ ಕೈಬಿಡುವುದು ಅದಕ್ಕೇ. ಎರಡು ವಾರ ಹಿಡಿದು ನೋಡಿ.

ಇನ್ನೊಂದು ಮಾತು: ‘ಮಲಗಿದ ಕೂಡಲೇ ನಿದ್ದೆ, ಆಮೇಲೆ ಎಚ್ಚರ’ ಎಂಬುದು ರಾತ್ರಿ ಮದ್ಯ ತೆಗೆದುಕೊಳ್ಳುವವರಲ್ಲೂ ಕಾಣುವ ರೀತಿ. ಮದ್ಯ ಬೇಗ ಮಲಗಿಸಿ ಎರಡನೇ ಅರ್ಧವನ್ನು ಕೆಡಿಸುತ್ತದೆ. ಆ ಅಭ್ಯಾಸವಿದ್ದರೆ ಉಳಿದೆಲ್ಲಕ್ಕಿಂತ ಮೊದಲು ಅದನ್ನು ನೋಡಿ. ದಿನವೂ ಹೆಚ್ಚು ಕುಡಿಯುವವರಾದರೆ ಒಮ್ಮೆಲೇ ನಿಲ್ಲಿಸುವುದು ಅಪಾಯ, ವೈದ್ಯರನ್ನು ಕೇಳಿ. ಕಾಫಿ ಮಧ್ಯಾಹ್ನಕ್ಕೇ ಮುಗಿಯಲಿ. ಕುಡಿದು ಐದು ಗಂಟೆಯಾದರೂ ಸುಮಾರು ಅರ್ಧದಷ್ಟು ಕೆಫೀನ್ ರಕ್ತದಲ್ಲೇ ಇರುತ್ತದೆ.

ಪ್ರಶ್ನೆ: ಗಂಡನ ಮೆಸೇಜ್ ಬಂದ ಸದ್ದಿಗೇ ಕೈ ನಡುಗುತ್ತದೆ. ಸಿಟ್ಟಿನಲ್ಲಿ ಉದ್ದುದ್ದ ಉತ್ತರ ಬರೆದು ಆಮೇಲೆ ಪರಿತಪಿಸುತ್ತೇನೆ. ಬ್ಲಾಕ್ ಮಾಡೋಣವೆಂದರೆ ಮಕ್ಕಳ ವಿಷಯ ಮಾತಾಡಲೇಬೇಕು.

ಬ್ಲಾಕ್ ಬೇಡ, ದಾರಿ ಬದಲಿಸಿ. ಇದಕ್ಕೆಂದೇ ಒಂದು ಇಮೇಲ್ ವಿಳಾಸ ಮಾಡಿ, ಅವರಿಗೆ ಒಂದೇ ಸಾಲು ಕಳಿಸಿ: ‘ಇನ್ನು ಮುಂದೆ ಎಲ್ಲ ವಿಷಯ ಈ ವಿಳಾಸಕ್ಕೆ, ಮಕ್ಕಳ ಆರೋಗ್ಯದ ತುರ್ತು ಇದ್ದರೆ ಫೋನ್.’ ಚಾಟ್‌ನ ಸದ್ದು ಮುಚ್ಚಿ. ಮೇಲ್ ನೋಡುವುದು ದಿನಕ್ಕೆ ಎರಡೇ ಸಲ. ಹಾಸಿಗೆಯಲ್ಲಿ ಬೇಡ, ರಾತ್ರಿ ಊಟದ ನಂತರವೂ ಬೇಡ.

ಕೈ ನಡುಗುವಾಗ ಬರೆದದ್ದು ಕೆಡುವುದಕ್ಕೆ ಕಾರಣವಿದೆ. ದಂಪತಿಗಳ ಜಗಳಗಳನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಗುರುತಿಸಿದ ಪ್ರಕಾರ, ಎದೆಬಡಿತ ನಿಮಿಷಕ್ಕೆ ನೂರರ ಮೇಲೆ ಹೋದಾಗ ಎದುರಿನವರ ಮಾತನ್ನು ಸರಿಯಾಗಿ ಗ್ರಹಿಸುವುದೇ ಕಷ್ಟ. ಮೈ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು. ಆ 20 ನಿಮಿಷ ಮನಸ್ಸಿನಲ್ಲಿ ತಿರುಗೇಟು ಹೊಸೆಯುತ್ತಿದ್ದರೆ ಲೆಕ್ಕಕ್ಕಿಲ್ಲ. ನಡೆಯಿರಿ, ಪಾತ್ರೆ ತೊಳೆಯಿರಿ, ಅಥವಾ ನಾಲ್ಕು ಎಣಿಸಿ ಉಸಿರು ಎಳೆದು ಆರು ಎಣಿಸಿ ಬಿಡುತ್ತಾ ಕೂರಿ.

ಆಮೇಲೆ ನಾಲ್ಕೈದು ವಾಕ್ಯದೊಳಗೆ ಉತ್ತರಿಸಿ. ದಿನಾಂಕ, ಹೊತ್ತು, ಹಣ, ಇಷ್ಟೇ. ‘ನಿಮಗೆ ಮಕ್ಕಳ ನೆನಪು ಯಾವಾಗ ತಾನೇ ಇತ್ತು’ ಎಂಬುದರ ಬದಲು ‘ಶನಿವಾರ ಹತ್ತಕ್ಕೆ ಬರಬಹುದು. ಸಂಜೆ ಆರಕ್ಕೆ ವಾಪಸ್ ಬಿಡಿ. ಶುಕ್ರವಾರದೊಳಗೆ ತಿಳಿಸಿ.’ ಪ್ರತಿ ಆರೋಪಕ್ಕೂ ಸಮಜಾಯಿಷಿ ಕೊಟ್ಟರೆ ಮುಂದಿನ ಮೇಲ್‌ಗೆ ನೀವೇ ಸರಕು ಒದಗಿಸಿದಂತೆ. ಕಳಿಸುವ ಮೊದಲು ಒಂದು ಪರೀಕ್ಷೆ: ನ್ಯಾಯಾಧೀಶರು ಇದನ್ನು ಗಟ್ಟಿಯಾಗಿ ಓದಿದರೆ ಮುಜುಗರವಾಗುತ್ತದೆಯೇ?

ಬೆದರಿಕೆ, ಹಿಂಬಾಲಿಸುವುದು, ಹೊಡೆತ ಇದ್ದರೆ ಮೇಲಿನದು ಯಾವುದೂ ಅನ್ವಯಿಸುವುದಿಲ್ಲ. ಉತ್ತರಿಸಬೇಡಿ, ಅಳಿಸಬೇಡಿ, ವಕೀಲರಿಗೂ ಪೊಲೀಸರಿಗೂ ತೋರಿಸಿ.

ಪ್ರಶ್ನೆ: ದಿನಚರಿಯಲ್ಲಿ ಎಲ್ಲ ಬರೆದು ಹೊರಹಾಕಿದರೆ ಹಗುರವಾಗುತ್ತದೆ ಎನ್ನುತ್ತಾರೆ. ನನಗೆ ಇನ್ನೂ ಭಾರವಾಗುತ್ತದೆ.

ಹಾಗಾದರೆ ನಿಲ್ಲಿಸಿ. 2013ರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇವಿಡ್ ಸ್ಬಾರಾ ಮತ್ತು ಸಂಗಡಿಗರು, ಆಗಷ್ಟೇ ಬೇರ್ಪಟ್ಟವರ ಮೇಲೆ ಇದನ್ನೇ ಪರೀಕ್ಷಿಸಿದರು. ‘ಯಾಕೆ ಹೀಗಾಯಿತು’ ಎಂದು ಕೆದಕುತ್ತಲೇ ಇರುವ ಸ್ವಭಾವದವರಿಗೆ ಭಾವನೆ ಬರೆಯುವುದು ಚೇತರಿಕೆಗೆ ಅಡ್ಡಿಯಾಯಿತು. ಅಂಥವರಲ್ಲಿ ದಿನದ ಕೆಲಸಗಳನ್ನಷ್ಟೇ ಬರೆದವರೇ ಮೇಲು. ಇಂದು ಎದ್ದದ್ದು, ಹೋದದ್ದು, ಮುಗಿಸಿದ್ದು, ಅಷ್ಟು ಬರೆಯಿರಿ. ಸಂಜೆಯ ಚಿಂತೆಯ ಹಾಳೆ ಬೇರೆ, ಅದು ಕೆಲಸದ ಪಟ್ಟಿ.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಅಪ್ಪನ ಮನೆಗೆ ಹೋಗುವ ದಿನವೇ ಹೊಟ್ಟೆನೋವು. ನಾಟಕವೇ?

ಅಲ್ಲ, ನೋವು ನಿಜ. ಮಕ್ಕಳ ಆತಂಕ ಮಾತಿಗಿಂತ ಮೊದಲು ಹೊಟ್ಟೆಯಲ್ಲಿ ಕಾಣಿಸುತ್ತದೆ. ಒಮ್ಮೆ ವೈದ್ಯರಿಗೆ ತೋರಿಸಿ ಬೇರೆ ಕಾರಣವಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಅಲ್ಲಿ ಹೋದಾಗ ಯಾರಾದರೂ ಹೆದರಿಸುತ್ತಾರೆಯೇ, ನೋಯಿಸುತ್ತಾರೆಯೇ ಎಂಬುದನ್ನೂ ತಳ್ಳಿಹಾಕಬೇಡಿ. ಅಂಥದ್ದೇನೂ ಇಲ್ಲವೆಂದಾದರೆ, ಬಹಳ ಸಲ ಕಷ್ಟವಿರುವುದು ಅಪ್ಪನ ಮನೆಯಲ್ಲಲ್ಲ, ಬಾಗಿಲ ಬಳಿ ನೀವಿಬ್ಬರೂ ಎದುರುಬದುರಾಗುವ ಆ ಎರಡು ನಿಮಿಷದಲ್ಲಿ. ನೀವು ಶಾಲೆಗೆ ಬಿಟ್ಟು ಬನ್ನಿ, ಅಪ್ಪ ಶಾಲೆಯಿಂದ ಕರೆದೊಯ್ಯಲಿ. ಯಾವ ದಿನ ಎಲ್ಲಿ ಎಂದು ಎರಡು ಬಣ್ಣದಲ್ಲಿ ಗುರುತಿಸಿದ ಕ್ಯಾಲೆಂಡರ್ ಅವಳ ಕಣ್ಣಳತೆಗೆ ತೂಗುಹಾಕಿ. ಮರಳಿದಾಗ ‘ಅಲ್ಲಿ ಏನಾಯ್ತು’ ಎಂದು ವಿಚಾರಣೆ ಬೇಡ. ತಾನಾಗಿ ಹೇಳಿದರೆ ಕೇಳಿ. ‘ಅಪ್ಪನಿಗೆ ಫೀಸು ಕಟ್ಟೋಕೆ ಹೇಳು’ ಎಂಬ ಸಂದೇಶವಂತೂ ಅವಳ ಕೈಲಿ ಬೇಡವೇ ಬೇಡ. ‘ಇದು ನಿನ್ನಿಂದ ಆದದ್ದಲ್ಲ’ ಎಂಬ ಮಾತನ್ನು ಒಂದು ಸಲ ಹೇಳಿದರೆ ಸಾಲದು.

ಪ್ರಶ್ನೆ: ಎಲ್ಲರೂ ಮನಸ್ಸು ಗಟ್ಟಿ ಮಾಡಿಕೋ ಎನ್ನುತ್ತಾರೆ. ಡಾಕ್ಟರ ಬಳಿ ಹೋಗುವಷ್ಟು ಇದೆಯೋ ಇಲ್ಲವೋ ಹೇಗೆ ತಿಳಿಯುವುದು?

ಅಮೆರಿಕದ ಮನೋವೈದ್ಯರಾದ ಹೋಮ್ಸ್ ಮತ್ತು ರಾಹೆ 1967ರಲ್ಲಿ ರೂಪಿಸಿದ ಒತ್ತಡದ ಪಟ್ಟಿಯಲ್ಲಿ ಸಂಗಾತಿಯ ಸಾವಿಗೆ 100 ಅಂಕ, ವಿಚ್ಛೇದನಕ್ಕೆ 73. ಅದು ಎರಡನೇ ಸ್ಥಾನ. ಅಳು ಬರುವುದು, ಸಿಟ್ಟು ಏರಿಳಿಯುವುದು ಈ ಹೊತ್ತಿನಲ್ಲಿ ಸಹಜ. ಆದರೆ ಎರಡು ವಾರ ಹೆಚ್ಚುಕಡಿಮೆ ದಿನವಿಡೀ ಮಂಕು ಕವಿದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಊಟ ನಿದ್ದೆ ಕೆಲಸ ಕೆಟ್ಟಿದ್ದರೆ ತೋರಿಸಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯುವ ಮಾತೇ ಇಲ್ಲ. ಅಂದೇ ಒಬ್ಬರಿಗೆ ಬಾಯಿಬಿಟ್ಟು ಹೇಳಿ, ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ. ಹೋಗುವಾಗ ವಾರದ ನಿದ್ದೆಯ ಗಂಟೆ, ತೂಕ ಇಳಿದಿದ್ದರೆ ಎಷ್ಟು, ನುಂಗುತ್ತಿರುವ ಮಾತ್ರೆಗಳ ಹೆಸರು ಚೀಟಿಯಲ್ಲಿರಲಿ. ಅಲ್ಲಿ ಕೂತಾಗ ಮಾತು ಹೊರಡದೇ ಹೋದರೆ ಚೀಟಿ ಚಾಚಿದರಾಯಿತು.