ಕಂದಾಯ ಕಟ್ಟುವವರ ಪ್ರಶ್ನೆಗಳು

ಪ್ರಶ್ನೆ: ಮನೆ ಕಂದಾಯ 3,000 ರೂಪಾಯಿ ಎಂದ ಬಿಲ್ ಕಲೆಕ್ಟರ್, ಚಲನ್‌ನಲ್ಲಿ 3,720 ಹಾಕಿದ್ದಾರೆ. ಮೇಲಿನ 720 ಯಾವುದು? ಅದು ನಗರಸಭೆಗೇ ಹೋಗುತ್ತದೆಯೇ?
– ಓದುಗರು, ಚಿತ್ರದುರ್ಗ ಜಿಲ್ಲೆ

ಉತ್ತರ: ಆ 720 ಸೆಸ್, ಅಂದರೆ ಉಪಕರ. ಕಂದಾಯದ ಮೇಲೆ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಉಪಕರ ಶೇ 3. ನಿಮ್ಮ ಲೆಕ್ಕದಲ್ಲಿ 450, 180, 90. ಕೆಲವು ಕಡೆ ಶೇ 2ರ ಸಾರಿಗೆ ಉಪಕರವೂ ಸೇರುತ್ತದೆ. ಕಸದ ಶುಲ್ಕ ಬೇರೆ, ಅದು ನಗರಸಭೆಯದ್ದೇ.

ಉಪಕರ ಮಾತ್ರ ನಗರಸಭೆಯ ಹಣವಲ್ಲ. ವಸೂಲಿ ಮಾಡಿ ದಾಟಿಸುವುದಷ್ಟೇ ಅದರ ಕೆಲಸ: ಗ್ರಂಥಾಲಯದ್ದು ಗ್ರಂಥಾಲಯ ಪ್ರಾಧಿಕಾರಕ್ಕೆ, ಭಿಕ್ಷುಕರದ್ದು ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸುವ ಕೇಂದ್ರ ಪರಿಹಾರ ಸಮಿತಿಗೆ. ಎಡವಟ್ಟಾಗುವುದು ಇಲ್ಲೇ. ಸಂಬಳ, ಬೀದಿದೀಪದ ಕರೆಂಟ್ ಬಿಲ್ಲು ಎದುರಿಗೆ ಕೂತಾಗ ಉಪಕರದ ದುಡ್ಡು ಅದಕ್ಕೇ ಕರಗುತ್ತದೆ, ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಊರಿನ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬರುತ್ತಿಲ್ಲವೆಂದರೆ ಗ್ರಂಥಪಾಲಕರನ್ನು ಬೈಯುವ ಮೊದಲು ಈ ಬಾಕಿ ನೋಡಿ.

ನೋಡುವುದು ಹೇಗೆ? ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಏಕೆ ಕಟ್ಟಿಲ್ಲ?’ ಎಂದು ಬರೆದರೆ, ‘ಕೋರಿರುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಬಂದೀತು. ಕಾರಣ ಕೇಳಬೇಡಿ, ಕಾಗದ ಕೇಳಿ: ‘2024-25ರಲ್ಲಿ ವಸೂಲಾದ ಗ್ರಂಥಾಲಯ ಉಪಕರದ ಮೊತ್ತ ಮತ್ತು ಪ್ರಾಧಿಕಾರಕ್ಕೆ ಪಾವತಿಸಿದ ದಾಖಲೆಗಳ ದೃಢೀಕೃತ ನಕಲು.’ 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ಮೊದಲ ಮೇಲ್ಮನವಿ ಹಾಕಿ.

ಪ್ರಶ್ನೆ: ನಮ್ಮ ಬೀದಿಯ ಹತ್ತಾರು ಮನೆಗಳ ಹೆಸರು ಪಕ್ಕದ ವಾರ್ಡಿನ ಮತದಾರರ ಪಟ್ಟಿಗೆ ಹೋಗಿದೆ. ಸರಿಪಡಿಸುವುದು ಹೇಗೆ?
– ಓದುಗರು, ಗದಗ ಜಿಲ್ಲೆ

ಉತ್ತರ: ನಗರಸಭೆ ಚುನಾವಣೆಗೆಂದು ಮನೆಮನೆ ಸುತ್ತಿ ಹೊಸ ಪಟ್ಟಿ ಮಾಡುವುದಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ವಾರ್ಡುವಾರು ಕತ್ತರಿಸುತ್ತಾರೆ. ಆ ಪಟ್ಟಿಯ ‘ಭಾಗ’ಗಳಾಗಿರುವುದು ಮತಗಟ್ಟೆಯ ಲೆಕ್ಕದಲ್ಲಿ, ವಾರ್ಡಿನ ಗಡಿ ಹೋಗುವುದು ರಸ್ತೆಯ ಗುಂಟ. ಒಂದೇ ಭಾಗ ಎರಡು ವಾರ್ಡಿಗೆ ಹರಿದಾಗ ವಿಳಾಸ ನೋಡಿ ವಿಂಗಡಿಸಬೇಕು. ಬರೀ ‘2ನೇ ಕ್ರಾಸ್’ ಎಂದಿದ್ದರೆ ಯಾವ ಬಡಾವಣೆಯ ಕ್ರಾಸೋ!

ಕರಡು ಪಟ್ಟಿ ಹಚ್ಚಿದ ಕೂಡಲೇ, ಪ್ರಕಟಣೆಯಲ್ಲಿರುವ ಗಡುವಿನೊಳಗೆ ಆಕ್ಷೇಪಣೆ ಕೊಡಿ. ಎಲ್ಲ ಮನೆಗಳ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಒಂದೇ ಹಾಳೆಯಲ್ಲಿ ಪಟ್ಟಿ ಮಾಡಿ, ವೋಟರ್ ಐಡಿ ನಕಲು ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಸಾಮಾನ್ಯವಾಗಿ ಎಲ್ಲರೂ ಕಂದಾಯದ ರಶೀದಿ ತೋರಿಸುತ್ತಾರೆ. ವಾರ್ಡುಗಳ ಪುನರ್ವಿಂಗಡಣೆ ಆಗಿದ್ದರೆ ರಶೀದಿಯಲ್ಲಿ ಹಳೆಯ ವಾರ್ಡೇ ಉಳಿದಿರಬಹುದು, ನಿಮ್ಮ ವಾದಕ್ಕೇ ಪೆಟ್ಟು. ಅದರ ಬದಲು ರಾಜ್ಯಪತ್ರದಲ್ಲಿ ಬಂದ ವಾರ್ಡಿನ ಚಕ್ಕುಬಂದಿ ಇಟ್ಟು, ನಿಮ್ಮ ರಸ್ತೆ ಬರುವ ಸಾಲಿಗೆ ಗೆರೆ ಎಳೆಯಿರಿ. ವಿಧಾನಸಭೆ ಪಟ್ಟಿಯಲ್ಲೇ ಹೆಸರಿಲ್ಲದವರು ಮೊದಲು ನಮೂನೆ 6, ವಿಳಾಸ ಬದಲಾದವರು ನಮೂನೆ 8 ಹಾಕಬೇಕು. ಮತದಾನದ ದಿನ ಬೂತಿನಲ್ಲಿ ಜಗಳ ಆಡಿ ಪ್ರಯೋಜನವಿಲ್ಲ.

ಪ್ರಶ್ನೆ: 23 ಸದಸ್ಯರ ಪುರಸಭೆಯಲ್ಲಿ 12 ಸ್ಥಾನ ಗೆದ್ದ ಪಕ್ಷಕ್ಕೆ ಅಧ್ಯಕ್ಷಗಿರಿ ತಪ್ಪಿತು. ಇದು ಹೇಗೆ ಸಾಧ್ಯ?
– ಓದುಗರು, ಹಾಸನ ಜಿಲ್ಲೆ

ಉತ್ತರ: ಅಧ್ಯಕ್ಷರ ಆಯ್ಕೆಯಲ್ಲಿ ಆ ಕ್ಷೇತ್ರದ ಶಾಸಕರಿಗೂ ಸಂಸದರಿಗೂ ಮತವಿದೆ. ಇಬ್ಬರೂ ಎದುರು ಪಾಳಯದವರಾದರೆ 11 ಇದ್ದವರು 13 ಆಗುತ್ತಾರೆ. ನಾಮನಿರ್ದೇಶಿತ ಸದಸ್ಯರಿಗೆ ಮಾತ್ರ ಮತವಿಲ್ಲ. ಇನ್ನೊಂದು ದಾರಿ ಮೀಸಲಾತಿ: 30 ತಿಂಗಳ ಅವಧಿಗೆ ಸರ್ಕಾರ ಪ್ರಕಟಿಸಿದ ವರ್ಗದವರು ಬಹುಮತದ ಪಕ್ಷದಲ್ಲಿ ಒಬ್ಬರೂ ಇಲ್ಲದೆ, ಎದುರು ಪಕ್ಷದಲ್ಲಿ ಒಬ್ಬರೇ ಇದ್ದರೆ, ಅವರು ಅವಿರೋಧ ಆಯ್ಕೆ.