‘ಸುಮ್ನೆ ಮನೇಲಿದ್ದೆ’ ಅಂದ ಹುಡುಗ

ಕೆಲಸದ ಸಂದರ್ಶನಕ್ಕೆ ತಯಾರಾಗಲು ಮಂಡ್ಯ ಕಡೆಯಿಂದ ನನ್ನ ಹತ್ತಿರ ಬರುವ ಹುಡುಗರಲ್ಲಿ ಒಂದು ತೊಂದರೆ ಪದೇ ಪದೇ ಕಾಣುತ್ತದೆ. ಓದು ಮುಗಿದ ಮೇಲೆ ಒಂದೆರಡು ವರ್ಷ ಊರಲ್ಲೇ ಉಳಿದಿರುತ್ತಾರೆ. ಸಂದರ್ಶನದಲ್ಲಿ ಆ ವರ್ಷಗಳ ಮಾತು ಬಂದರೆ ಬಾಯಿ ಕಟ್ಟುತ್ತದೆ.

ಈ ಹುಡುಗನೂ ಹಾಗೇ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಆಗಿದೆ. ಅಪ್ಪನಿಗೆ ಹುಷಾರಿಲ್ಲದೆ ಎರಡು ವರ್ಷ ಮನೆಯಲ್ಲಿದ್ದ. ಈಗ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ಫ್ಯಾಕ್ಟರಿಗಳಲ್ಲಿ ಕ್ವಾಲಿಟಿ ವಿಭಾಗದ ಕೆಲಸ ಹುಡುಕುತ್ತಿದ್ದ. ಇಸ್ತ್ರಿ ಮಾಡಿದ ಶರ್ಟು, ಅರ್ಧ ಗಂಟೆ ಮೊದಲೇ ತಲುಪುವುದು, ಇದೆಲ್ಲ ಅವನಿಗೆ ಗೊತ್ತಿತ್ತು.

ಒಂದು ದಿನ ನಾನೇ ಸಂದರ್ಶನ ಮಾಡುವವಳಾಗಿ ಎದುರು ಕೂತೆ.

“ಎರಡು ವರ್ಷ ಏನು ಮಾಡಿದ್ರಿ?”

“ಏನಿಲ್ಲ ಮೇಡಂ, ಸುಮ್ನೆ ಮನೇಲಿದ್ದೆ.”

ಆಲೆಮನೆ ನಡೆಸಿದ್ದ ಅಂತ ಅವನ ಅಕ್ಕ ಮೊದಲೇ ಹೇಳಿದ್ದರು. ಪಾಕ ಬಂತು ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ.

“ತಣ್ಣೀರಿಗೆ ಸ್ವಲ್ಪ ಬಿಟ್ಟು ನೋಡ್ತೀವಿ, ಉಂಡೆ ಕಟ್ಟಬೇಕು. ಬೇಗ ಇಳಿಸಿದ್ರೆ ಅಚ್ಚಲ್ಲಿ ನಿಲ್ಲಲ್ಲ. ತಡವಾದ್ರೆ ಸೀದು ಕಪ್ಪಾಗುತ್ತೆ.”

ಆಮೇಲೆ ನಾನು ಕೇಳಲೇ ಇಲ್ಲ, ಅವನೇ ಹೇಳುತ್ತಾ ಹೋದ. ಒಂದು ಟನ್ ಕಬ್ಬಿಗೆ ಸುಮಾರು 100 ಕೆಜಿ ಬೆಲ್ಲ ಬರಬೇಕು. ಕಡಿಮೆ ಬಂದರೆ ಗಾಣದಿಂದ ಬಂದ ಸಿಪ್ಪೆ ಹಿಂಡಿ ನೋಡುತ್ತಿದ್ದನಂತೆ, ರಸ ಉಳಿದಿದೆಯಾ ಅಂತ. ಕ್ವಾಲಿಟಿ ವಿಭಾಗದವರಿಗೆ ಇನ್ನೇನು ಬೇಕು?

“ಇದನ್ನೇ ಹೇಳಿ” ಅಂದೆ.

“ಬೆಲ್ಲ ಕಾಯಿಸ್ತಿದ್ದೆ ಅಂದ್ರೆ ನಗಲ್ವಾ ಮೇಡಂ?”

ಒಬ್ಬಿಬ್ಬರು ನಗಬಹುದು. ಆದರೆ ಕೆಲಸ ಕೊಡುವವರ ನಿಜವಾದ ಭಯ ಬೇರೆ. ಕಬ್ಬು ಕಡಿಯೋ ಕಾಲಕ್ಕೆ ಹುಡುಗ ಊರಿಗೆ ಹೊರಟುಬಿಟ್ಟರೆ ಶಿಫ್ಟಿಗೆ ಯಾರು? ಅದಕ್ಕೇ ಅವನಿಗೆ ಹೇಳಿದೆ: ಅಪ್ಪನ ಕಾಯಿಲೆ ಒಂದೇ ಮಾತಲ್ಲಿ ಮುಗಿಸಿ. ಆಲೆಮನೆಯಲ್ಲಿ ಏನು ನೋಡಿಕೊಳ್ಳುತ್ತಿದ್ದಿರಿ ಅಂತ ಬಿಡಿಸಿ ಹೇಳಿ. ಈಗ ಅದನ್ನು ಭಾವ ನೋಡಿಕೊಳ್ಳುತ್ತಿದ್ದಾರೆ ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳಿಬಿಡಿ. ಇಂಗ್ಲಿಷ್ ತಡವರಿಸಿದರೆ, ಇದೊಂದು ಕನ್ನಡದಲ್ಲಿ ಹೇಳಲಾ ಅಂತ ಕೇಳಿ. ಫ್ಯಾಕ್ಟರಿಯಲ್ಲಿ ಇದು ನಡೆಯುತ್ತದೆ. ಕಾಲ್ ಸೆಂಟರಿನಲ್ಲಿ ನಡೆಯುವುದಿಲ್ಲ, ಅದೂ ಗೊತ್ತಿರಲಿ.

ಆ ಎರಡು ವರ್ಷಕ್ಕೆ ಯಾವುದಾದರೂ ಕೋರ್ಸಿನ ಹೆಸರು ಹಾಕಿಬಿಡಿ ಅಂತ ಸಲಹೆ ಕೊಡುವವರಿದ್ದಾರೆ. ನನ್ನದು ಹಳೇ ಕಾಲದ ಬುದ್ಧಿ ಅಂತಲೂ ಅನ್ನುತ್ತಾರೆ. ಅನ್ನಲಿ. ಸರ್ಟಿಫಿಕೇಟ್ ತೋರಿಸಿ ಅಂದರೆ ಆ ಸುಳ್ಳು ಅಲ್ಲೇ ಮುಗಿಯಿತು. ಕೇಳದಿದ್ದರೂ ಆ ಸುಳ್ಳನ್ನು ಕಾಪಾಡುವುದರಲ್ಲೇ ಅರ್ಧ ಗಮನ ಹೋಗುತ್ತದೆ. ಮುಂದಿನ ಪ್ರಶ್ನೆ ಕಿವಿಗೆ ಬೀಳುವುದೇ ಇಲ್ಲ.

ಮುಂದಿನ ಸಂದರ್ಶನದಲ್ಲಿ ಎಲ್ಲ ಹೇಳಿದನಂತೆ. ಆದರೂ ಯಂತ್ರದ ಬಿಡಿಭಾಗಗಳ ನಕ್ಷೆ, ಅಂದರೆ ಡ್ರಾಯಿಂಗ್ ಓದುವ ಪರೀಕ್ಷೆಯಲ್ಲಿ ಎಡವಿದ, ಕೆಲಸ ಸಿಗಲಿಲ್ಲ. ಈಗ ಡ್ರಾಯಿಂಗ್ ಕಲಿಯುತ್ತಿದ್ದಾನೆ.