ಪ್ರಶ್ನೆಪತ್ರಿಕೆಯ ಒಳಗೆ ಪೌಂಡಿನ ಗುರುತು ಎಲ್ಲಿಂದ ಬಂತು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಟೀಚರುಗಳದ್ದೇ, ಅದೂ ಕಾಸರಗೋಡು ಕಡೆಯಿಂದ. ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟಿದ್ದೇನೆ, ಬೇಜಾರು ಮಾಡ್ಕೊಬೇಡಿ.

ಪ್ರಶ್ನೆ: ನಮ್ಮದು ಕನ್ನಡ ಮೀಡಿಯಂ ಶಾಲೆ. ಮನೆಯ ಕಂಪ್ಯೂಟರಲ್ಲಿ ಹಳೇ ‘ನುಡಿ’ ತಂತ್ರಾಂಶ ಹಾಕಿ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಪೆನ್‌ಡ್ರೈವಲ್ಲಿ ಕೊಂಡೋದ್ರೆ ಶಾಲೆಯ ಲ್ಯಾಪ್‌ಟಾಪಲ್ಲಿ ಕನ್ನಡವೇ ಕಾಣುದಿಲ್ಲ, ಇಂಗ್ಲಿಷಿನ ಎಂತೆಂತದೋ ಅಕ್ಷರ, ನಡುವಲ್ಲಿ ಪೌಂಡಿನ ಗುರುತು ಬೇರೆ. ಹತ್ತು ಹದಿನೈದು ವರ್ಷದ ಪೇಪರುಗಳುಂಟು. ಎಲ್ಲ ಪುನಃ ಟೈಪ್ ಮಾಡ್ಬೇಕಾ?
– ಒಬ್ಬರು ಟೀಚರ್, ಬದಿಯಡ್ಕ

ಬೇಡ ಟೀಚರೇ, ಒಂದಕ್ಷರ ಟೈಪ್ ಮಾಡುದು ಬೇಡ. ಮೊದಲು ಎಂತ ಆಗಿದೆ ಅಂತ ಹೇಳ್ತೇನೆ, ಯಾಕಂದ್ರೆ ಇದು ಗೊತ್ತಾದ್ರೆ ಅರ್ಧ ತಲೆಬಿಸಿ ಅಲ್ಲಿಗೇ ಮುಗೀತದೆ. ನಿಮ್ಮ ಹಳೇ ಫೈಲಿನ ಒಳಗೆ ಅಸಲಿಗೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ, ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿ ಕೂರಿಸಿದ್ದಾರೆ ಅಷ್ಟೆ. ಪೌಂಡಿನ ಗುರುತಿಗೆ ‘ನ’ಕಾರದ ವೇಷ, ‘ಪಿ’ಗೆ ‘ಕ’ಕಾರದ ವೇಷ, ಹೀಗೆ. ನುಡಿಯ ಫಾಂಟ್ ಇರುವಲ್ಲಿ ರಂಗಸ್ಥಳಕ್ಕೆ ಬಂದ ಕನ್ನಡ ಕಾಣ್ತದೆ, ಫಾಂಟ್ ಇಲ್ಲದಲ್ಲಿ ಚೌಕಿಯಲ್ಲಿ ಬಣ್ಣ ತೆಗೆದು ಕೂತವರು ಕಾಣ್ತಾರೆ. ಯೂನಿಕೋಡ್ ಅಂದ್ರೆ ಹಾಗಲ್ಲ, ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ನಂಬರ್ ಕೊಟ್ಟ ಕ್ರಮ ಅದು, ಅದರಲ್ಲಿ ‘ಕ’ ಅಂದ್ರೆ ಒಳಗೂ ಹೊರಗೂ ‘ಕ’ವೇ. ಅದಕ್ಕೇ ವಾಟ್ಸಾಪಿಗೆ ಹಾಕಿದ್ರೂ, ಗೂಗಲಲ್ಲಿ ಹುಡುಕಿದ್ರೂ ಸಿಗ್ತದೆ.

ಶಾಲೆಯ ಲ್ಯಾಪ್‌ಟಾಪಿಗೆ ಬೈಬೇಡಿ. ಕೇರಳದ ಶಾಲೆಗಳಲ್ಲಿ ವಿಂಡೋಸಿನ ಬದಲು, ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಸರಕಾರಿ ಸಂಸ್ಥೆ ಕೈಟ್‌ನವರು ಉಬುಂಟು ಆಧಾರದಲ್ಲಿ ತಯಾರಿಸಿದ ಗ್ನು ಲಿನಕ್ಸ್ ಇರುದು, ಅದಕ್ಕೆ ಕನ್ನಡ ಚೆನ್ನಾಗಿಯೇ ಬರ್ತದೆ, ಹಳೇ ನುಡಿಯ ಈ ಗುಟ್ಟಿನ ಭಾಷೆ ಮಾತ್ರ ಬರುದಿಲ್ಲ.

ಈಗ ಮದ್ದು. ಮೊದಲು ಆ ಫೋಲ್ಡರನ್ನು ಇಡೀ ಕಾಪಿ ಮಾಡಿ ಒಂದು ಕಡೆ ಇಡಿ, ಮೂಲ ಫೈಲನ್ನು ಮುಟ್ಟುದೇ ಬೇಡ. ಮತ್ತೆ ಇಂಟರ್ನೆಟ್ಟಲ್ಲಿ ಆಸ್ಕಿಯಿಂದ, ಅಂದ್ರೆ ಈ ವೇಷದ ಬರಹದಿಂದ, ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳುಂಟು, ಅರವಿಂದ ವಿ.ಕೆ. ಅವರು ಮಾಡಿದ್ದು ಒಂದು, ಗುಬ್ಬಿ ಮತ್ತು ನವಿಲು ಅಂತ ಎರಡು ಮುಕ್ತ ಫಾಂಟ್ ಮಾಡಿದ್ದೂ ಅವರೇ. ನಿಮ್ಮ ಬರಹ ಕಾಪಿ ಮಾಡಿ ಅಲ್ಲಿ ಅಂಟಿಸಿ ಒಂದು ಬಟನ್ ಒತ್ತಿದ್ರೆ ಆಯ್ತು, ಕನ್ನಡ ಬರ್ತದೆ. ಆದ್ರೆ ಕಣ್ಣಿಟ್ಟು ಓದ್ಬೇಕು. ಅರ್ಕಾವೊತ್ತು ಕೆಲವು ಸಲ ಪಕ್ಕದ ಅಕ್ಷರಕ್ಕೆ ಹಾರಿರ್ತದೆ. ಪ್ರಶ್ನೆಯ ನಡುವೆ ಇಂಗ್ಲಿಷ್ ಶಬ್ದ ಇದ್ರೆ ಅದನ್ನೂ ಕನ್ನಡ ಅಂದ್ಕೊಂಡು ಅರ್ಥವಿಲ್ಲದ ಎಂತದೋ ಮಾಡಿಬಿಡ್ತದೆ, ಪಾಪ ಅದಕ್ಕೆ ವೇಷ ಯಾವುದು ಮನುಷ್ಯ ಯಾವುದು ಗೊತ್ತಾಗುದಿಲ್ಲ. ಟೇಬಲ್, ಚಿತ್ರ ಬರುದಿಲ್ಲ, ಅಕ್ಷರ ಮಾತ್ರ. ನನ್ನ ಕೇಳಿದ್ರೆ ಎಲ್ಲ ಪೇಪರೂ ಒಟ್ಟಿಗೆ ಕೂತು ಮಾಡ್ಲಿಕ್ಕೆ ಹೋಗ್ಬೇಡಿ, ಈ ವರ್ಷ ಬೇಕಾದ್ದನ್ನು ಈ ವರ್ಷ ಮಾಡಿ. ಫೈಲ್ ಹೋಗಿ ಬರೀ ಪ್ರಿಂಟ್ ಉಳಿದದ್ದಾದ್ರೆ ಫೋಟೋ ತೆಗೆದು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸಲ್ಲಿ ತೆರೀರಿ, ಕೆಳಗೆ ಅಕ್ಷರಗಳೂ ಬರ್ತವೆ. ಮಡಿಕೆ ಬಿದ್ದ ಕಾಗದ ಆದ್ರೆ ತಪ್ಪು ಜಾಸ್ತಿ.

ಇನ್ನು ಮುಂದೆ? ಕೈಗೆ ಅಭ್ಯಾಸವಾದ ಕೀಲಿಮಣೆ ಬಿಡ್ಬೇಕು ಅಂತ ಹೆದರಬೇಡಿ. ನುಡಿಯ ಕೀಲಿ ಜೋಡಣೆಯ ಮೂಲ ನಮ್ಮ ನೆರೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರದ್ದು, ಅದೇ ಜೋಡಣೆ ಲಿನಕ್ಸಿನಲ್ಲೂ ಕೆಜಿಪಿ ಅನ್ನುವ ಹೆಸರಲ್ಲಿ ಉಂಟು. ಒತ್ತಕ್ಷರಕ್ಕೆ ಅದೇ ‘ಎಫ್’. ಸೆಟ್ಟಿಂಗ್ಸಿಗೆ ಹೋಗಿ ಇನ್‌ಪುಟ್ ಪಟ್ಟಿಯಲ್ಲಿ ಕನ್ನಡ ಕೆಜಿಪಿ ಸೇರಿಸಿ, ಪಟ್ಟಿಯಲ್ಲಿ ಕಾಣದಿದ್ರೆ ಶಾಲೆಯ ಐಟಿ ನೋಡಿಕೊಳ್ಳುವ ಮಾಷ್ಟ್ರನ್ನು ಹಿಡೀರಿ. ಮನೆಯಲ್ಲಿ ವಿಂಡೋಸೇ ಇರಲಿ, ಹೊಸ ನುಡಿಯಲ್ಲೂ ಯೂನಿಕೋಡ್ ಉಂಟು, ಅದನ್ನೇ ಆರಿಸಿ. ನಾನೇ ಹಿಂದೆ ಒಂದಷ್ಟು ಲೇಖನ ಹಳೇ ಫಾಂಟಲ್ಲಿ ಸೀಡಿಗೆ ಹಾಕಿಟ್ಟಿದ್ದೆ, ಫಾಂಟಿನ ಹೆಸರೂ ಮರೆತು ಹೋಗಿದೆ ಈಗ, ಸೀಡಿ ತೆಂಗಿನಮರದಲ್ಲಿ ಕಾಗೆ ಓಡಿಸ್ಲಿಕ್ಕೆ ನೇತಾಡ್ತಾ ಉಂಟು.

ಪ್ರಶ್ನೆ: ಧರ್ಮಕ್ಕೆ ಸಿಗುವ ಸಾಫ್ಟ್‌ವೇರಲ್ಲಿ ಎಂತಾದ್ರೂ ಕಳ್ಳಾಟ ಇರ್ತದಾ? ಕೊನೆಗೆ ದುಡ್ಡು ಕೇಳ್ತಾರೆ ಅಂತ ಮೊಮ್ಮಗ ಹೇಳ್ತಾನೆ.
– ನಿವೃತ್ತ ಮಾಷ್ಟ್ರು, ಪೆರ್ಲ

ಮೊಮ್ಮಗ ಹೇಳಿದ್ದು ಒಂದು ಜಾತಿಗೆ ಸರಿ ಮಾಷ್ಟ್ರೇ. ಝೂಮ್ ಧರ್ಮಕ್ಕೆ ಅಂದ್ರೆ 40 ನಿಮಿಷ, ಗೂಗಲ್ ಮೀಟಲ್ಲಿ ಮೂರು ಜನ ಅಥವಾ ಹೆಚ್ಚಿದ್ರೆ 60 ನಿಮಿಷ, ಮತ್ತೆ ಬಾಗಿಲು. ಇನ್ನೊಂದು ಜಾತಿ ಸ್ವತಂತ್ರ ತಂತ್ರಾಂಶ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಅವರು ಶುರು ಮಾಡಿದ ಗ್ನು ಯೋಜನೆಯ ಕಡೆಯದ್ದು, ಅದನ್ನು ಉಪಯೋಗಿಸಬಹುದು, ಒಳಗೆ ಎಂತ ಉಂಟು ಅಂತ ಬಿಚ್ಚಿ ನೋಡಬಹುದು, ಬದಲಿಸಬಹುದು, ನೆರೆಮನೆಗೂ ಕೊಡಬಹುದು. ಧರ್ಮಕ್ಕೆ ಕೊಟ್ಟ ಊಟಕ್ಕೂ ಅಡಿಗೆಯ ಕ್ರಮವನ್ನೇ ಬರೆದು ಕೊಡುದಕ್ಕೂ ವ್ಯತ್ಯಾಸ ಇಲ್ವಾ? ಹಾಗೆ. ಈ ತಂತ್ರಾಂಶಕ್ಕಾಗಿ ಕೆಲಸ ಮಾಡುವ ಸಂಸ್ಥೆ, ಭಾರತದ ಎಫ್‌ಎಸ್‌ಎಫ್ (ಫ್ರೀ ಸಾಫ್ಟ್‌ವೇರ್ ಫೌಂಡೇಶನ್), 2001ರಲ್ಲಿ ಉದ್ಘಾಟನೆ ಆದದ್ದು ನಿಮ್ಮ ತಿರುವನಂತಪುರದಲ್ಲೇ. ಪತ್ರ, ಲೆಕ್ಕಪಟ್ಟಿ ಮಾಡುವ ಲಿಬ್ರೆಆಫೀಸ್, ಧ್ವನಿ ತಿದ್ದುವ ಅಡಾಸಿಟಿ, ಚಿತ್ರ ತಿದ್ದುವ ಜಿಂಪ್ ಎಲ್ಲ ಈ ಜಾತಿಯವು, ಇವು ದುಡ್ಡು ಕೇಳುದಿಲ್ಲ. ಆದ್ರೆ ಡೌನ್‌ಲೋಡ್ ಮಾಡುವಾಗ ಅವರದ್ದೇ ಜಾಗದಿಂದ ಮಾಡಿ. ಹೆಸರು ಹಾಕಿ ಹುಡುಕಿದ್ರೆ ಮೇಲೆ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಿ ಬೇಡದ್ದನ್ನೆಲ್ಲ ಒಳಗೆ ಕರ್ಕೊಂಡು ಬಂದವರು ಬಹಳ ಜನ ಉಂಟು.

ಪ್ರಶ್ನೆ: ಶಾಲೆಯಲ್ಲಿ ಮಳೆ ಬಂದ್ರೆ ನೆಟ್ ಹೋಗ್ತದೆ. ಲ್ಯಾಬಲ್ಲಿ ಸಾಮಾನೂ ಅಷ್ಟಕ್ಕಷ್ಟೆ. ಕನ್ನಡದಲ್ಲಿ ವಿದ್ಯುತ್ ಪಾಠ ತೋರಿಸ್ಲಿಕ್ಕೆ ಎಂತಾದ್ರೂ ಉಂಟಾ?
– ಸೈನ್ಸ್ ಟೀಚರ್, ಮುಳ್ಳೇರಿಯ

ಫೆಟ್ ಅಂತ ಉಂಟು, ಕಂಪ್ಯೂಟರಿನ ಪರದೆಯಲ್ಲೇ ವಿಜ್ಞಾನದ ಪ್ರಯೋಗ ಮಾಡಿ ನೋಡುವಂಥದ್ದು. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಇದನ್ನು ಶುರು ಮಾಡಿದವರು ಕಾರ್ಲ್ ವೀಮನ್, ಅದರ ಹಿಂದಿನ ವರ್ಷವಷ್ಟೇ ಭೌತಶಾಸ್ತ್ರದ ನೊಬೆಲ್ ಬಂದಿತ್ತು ಅವರಿಗೆ. ಬ್ಯಾಟರಿ, ವಯರು, ಬಲ್ಬು ಎಳೆದು ಜೋಡಿಸಿದ್ರೆ ಪರದೆಯ ಮೇಲೆ ಇಲೆಕ್ಟ್ರಾನು ಹರಿಯುದು ಕಾಣ್ತದೆ, ತಪ್ಪು ಜೋಡಿಸಿದ್ರೆ ಬೆಂಕಿಯೂ ಹತ್ತಿಕೊಳ್ತದೆ. ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ ಅದೇ, ಬೇಕು ಬೇಕೂಂತ ಶಾರ್ಟ್ ಮಾಡ್ತಾರೆ, ಮಾಡ್ಲಿ ಬಿಡಿ, ಯಾಕೆ ಹತ್ತಿತು ಅಂತ ಕೇಳಿದ್ರೆ ಪಾಠ ಅಲ್ಲಿಂದಲೇ ಶುರು ಮಾಡಬಹುದು. ಎಷ್ಟೋ ಪ್ರಯೋಗಗಳು ಕನ್ನಡದಲ್ಲೂ ಉಂಟು, ಭಾಷೆಗಳ ಪಟ್ಟಿಯಲ್ಲಿ ಹುಡುಕಿ. ಮನೆಯಲ್ಲಿ ನೆಟ್ ಇರುವಾಗ ಡೌನ್‌ಲೋಡ್ ಮಾಡ್ಕೊಳ್ಳಿ, ಒಂದು ಪ್ರಯೋಗಕ್ಕೆ ಒಂದೇ ಫೈಲು, ಪೆನ್‌ಡ್ರೈವಿಂದ ಬ್ರೌಸರಲ್ಲಿ ತೆರೆದ್ರೆ ನೆಟ್ ಬೇಡವೇ ಬೇಡ. ಪಾಠಪುಸ್ತಕದ ಶಬ್ದವೂ ಅಲ್ಲಿನ ಶಬ್ದವೂ ಬೇರೆ ಆದ್ರೆ ಬೋರ್ಡಲ್ಲಿ ಎರಡೂ ಬರೀರಿ. ಬಲ್ಬು ಮತ್ತು ಸೆಲ್ಲು ಮಾತ್ರ ಒಂದು ಸೆಟ್ಟಾದ್ರೂ ನಿಜವಾದ್ದು ಕ್ಲಾಸಲ್ಲಿ ಇರ್ಲಿ.

ಪ್ರಶ್ನೆ: ಮಕ್ಕಳ ಮಾರ್ಕ್ ಲಿಸ್ಟಿನ ಪಿಡಿಎಫ್‌ಗಳನ್ನು ಒಂದು ಮಾಡ್ಲಿಕ್ಕೆ ಆನ್‌ಲೈನ್ ಟೂಲ್ ಉಪಯೋಗಿಸ್ತೇನೆ. ಸೇಫಾ?
– ಟೀಚರ್, ಉಪ್ಪಳ

ಖಾಲಿ ಫಾರಂ ಆದ್ರೆ ಹಾಕಿ. ಮಕ್ಕಳ ಹೆಸರು, ಹುಟ್ಟಿದ ತಾರೀಕು, ಆಧಾರ್ ನಂಬರು ಇರುದನ್ನು ಬೇಡ, ಅದು ನಿಮ್ಮ ಕಂಪ್ಯೂಟರಿಂದ ಯಾರದೋ ಕಂಪ್ಯೂಟರಿಗೆ ಹೋಗಿ ಬರ್ತದೆ. ಪಿಡಿಎಫ್‌ಸ್ಯಾಮ್ ಅಂತ ಒಂದು ಸಾಫ್ಟ್‌ವೇರ್ ಉಂಟು, ನಿಮ್ಮ ಕಂಪ್ಯೂಟರಿನ ಒಳಗೇ ಕೆಲಸ ಮುಗಿಸ್ತದೆ.

ಪ್ರಶ್ನೆ: ಗೋವಿಂದ ಪೈಗಳ ಪದ್ಯಗಳನ್ನು ಮಕ್ಕಳಿಂದ ಓದಿಸಿ ಯೂಟ್ಯೂಬಿಗೆ ಹಾಕುವ ಆಸೆ. ಕಾಪಿರೈಟ್ ತೊಂದರೆ ಬರ್ತದಾ? ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದಕ್ಕೆ ಮಳೆಯ ಶಬ್ದವೂ ಸೇರಿದೆ.
– ಕನ್ನಡ ಟೀಚರ್, ಮಂಜೇಶ್ವರ

ಮಂಜೇಶ್ವರದ ಮಕ್ಕಳೇ ಓದದಿದ್ರೆ ಮತ್ತೆ ಯಾರು ಓದುದು, ಖಂಡಿತ ಹಾಕಿ. ನಮ್ಮ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು. ಪೈಗಳು ಹೋದದ್ದು 1963ರಲ್ಲಿ, ಹಾಗಾಗಿ 2024ರ ಜನವರಿ 1ರಿಂದ ಅವರು ಇರುವಾಗಲೇ ಅಚ್ಚಾದ ಪದ್ಯಗಳು ಎಲ್ಲರದ್ದು. ಅವರು ಹೋದ ಮೇಲೆ ಮೊದಲ ಸಲ ಅಚ್ಚಾದ್ದಕ್ಕೆ ಲೆಕ್ಕ ಬೇರೆ, ಯಾರೋ ಈಚೆಗೆ ರಾಗ ಹಾಕಿದ್ರೆ ಆ ರಾಗದ ಹಕ್ಕು ಅವರದ್ದು. ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಪದ್ಯ ಹಾಗಲ್ಲ, ಅವರು ತೀರಿಕೊಂಡದ್ದು 2015ರಲ್ಲಿ, 2075 ಮುಗಿಯುವ ತನಕ ಮನೆಯವರನ್ನು ಕೇಳಿಯೇ ಹಾಕ್ಬೇಕು. ಕ್ಲಾಸಲ್ಲಿ ಪಾಠಕ್ಕೆ ಉಪಯೋಗಿಸ್ಲಿಕ್ಕೆ ಕಾಯ್ದೆಯಲ್ಲೇ ರಿಯಾಯಿತಿ ಉಂಟು, ಯೂಟ್ಯೂಬ್ ಅಂದ್ರೆ ಕ್ಲಾಸಿನ ಹೊರಗೆ ಅಲ್ವಾ.

ಮಳೆಯ ಶಬ್ದಕ್ಕೆ ಅಡಾಸಿಟಿ ಹಾಕ್ಕೊಳ್ಳಿ. ರೆಕಾರ್ಡ್ ಶುರು ಮಾಡಿ ಮಕ್ಕಳನ್ನು ಐದು ಸೆಕೆಂಡ್ ಬಾಯಿ ಮುಚ್ಚಿ ನಿಲ್ಲಿಸಿ, ಇದೇ ದೊಡ್ಡ ಕಷ್ಟ. ಆ ಐದು ಸೆಕೆಂಡಿನ ಬರೀ ಮಳೆಯನ್ನು ಆರಿಸಿ ನಾಯ್ಸ್ ರಿಡಕ್ಷನ್‌ನಲ್ಲಿ ‘ಶಬ್ದ ಇದು’ ಅಂತ ಗುರುತು ಮಾಡಿಸಿ, ಮತ್ತೆ ಇಡೀ ರೆಕಾರ್ಡಿಂಗ್ ಆರಿಸಿ ಅದನ್ನೇ ಇನ್ನೊಂದು ಸಲ ಓಡಿಸಿ. ಸ್ವಲ್ಪವೇ ತೆಗೀರಿ, ಜಾಸ್ತಿ ತೆಗೆದ್ರೆ ಮಗು ಬಾವಿಯೊಳಗಿಂದ ಓದಿದ ಹಾಗೆ ಕೇಳ್ತದೆ. ಹಂಚಿನ ಮಾಡಿಗೆ ಬೀಳುವ ಮಳೆ ಹೇಗೋ ಒಪ್ತದೆ, ಶೀಟಿನದ್ದಾದ್ರೆ ಯಾವ ಸಾಫ್ಟ್‌ವೇರಿಂದಲೂ ಆಗ್ಲಿಕ್ಕಿಲ್ಲ, ಮಳೆ ನಿಂತ ಮೇಲೆ ಇನ್ನೊಂದು ಸಲ ಓದಿಸಿ.